ಗಸಗಸೆಯ ಹಾಲೂ ಹೂವಿನ ಬಣ್ಣವೂ

ಚಳಿಗಾಲ ಕಳೆಯುತ್ತ ಬಂದು ಬಿಸಿಲು ಮೆಲ್ಲನೆ ಏರತೊಡಗುವ ಹೊತ್ತಿಗೆ, ಮಧ್ಯಪ್ರದೇಶದ ಮಂದಸೌರ್ ಮತ್ತು ನೀಮಚ್ ಸೀಮೆಯ ಹೊಲಗಳಲ್ಲಿ ಗಸಗಸೆಯ ಗಿಡಗಳು ತಮ್ಮ ದಳಗಳನ್ನೆಲ್ಲ ಉದುರಿಸಿ, ಹಸಿರು ಕಾಯಿಗಳನ್ನು ಮಾತ್ರ ಹೊತ್ತು ನಿಲ್ಲುತ್ತವೆ. ಮಧ್ಯಾಹ್ನ ಬಾಗಿದ ಮೇಲೆ ರೈತರು ಹರಿತವಾದ ಸಣ್ಣ ಅಲಗುಗಳುಳ್ಳ ಸಲಕರಣೆಯನ್ನು ಹಿಡಿದು ಹೊಲಕ್ಕಿಳಿದು, ಒಂದೊಂದು ಕಾಯಿಯ ಮೈಯನ್ನೂ ಆಳಕ್ಕೆ ತಾಗದಂತೆ ನವುರಾಗಿ ಗೀರುತ್ತಾರೆ. ಗೀರಿದೆಡೆಯಲ್ಲಿ ಒಸರುವ ಬಿಳಿಯ ಹಾಲು ಇರುಳ ತಂಪಿನಲ್ಲಿ ಅಂಟಾಗಿ, ಕಂದುಬಣ್ಣಕ್ಕೆ ತಿರುಗಿ, ಬೆಳಗಾಗುವಷ್ಟರಲ್ಲಿ ಕೆರೆದು ತೆಗೆಯುವ ಹದಕ್ಕೆ ಬಂದಿರುತ್ತದೆ. ಸರ್ಕಾರದ ಪರವಾನಗಿ ಇಲ್ಲದೆ ಬೆಳೆಯಲಾಗದ, ಕೆರೆದದ್ದನ್ನೆಲ್ಲ ಸರ್ಕಾರಕ್ಕೇ ಒಪ್ಪಿಸಬೇಕಾದ ಈ ಅಂಟೇ ಅಫೀಮು. ಮದುವೆಮನೆಯ ಎಲೆಯ ಮೇಲೆ ನಾವು ನಿಶ್ಚಿಂತೆಯಿಂದ ಸವಿಯುವ ಗಸಗಸೆ ಪಾಯಸದ ಬೀಜವೂ ಇದೇ ಕಾಯಿಯ ಹೊಟ್ಟೆಯೊಳಗಿನದು.

ಕಾಯಿಯ ಹಾಲಿನ ವಿಚಾರವನ್ನು ಲೋಕವೆಲ್ಲ ಬಲ್ಲದು. ಮಣ್ಣಿಗೆ ಉದುರಿದ ದಳಗಳನ್ನು ಕುರಿತು ಮಾತ್ರ ಯಾರೂ ಹೆಚ್ಚು ಯೋಚಿಸುವುದಿಲ್ಲ. ಆ ದಳಗಳಿಗೆ ಕೆಂಪು, ನಸುಗೆಂಪು, ನೇರಳೆಯ ಛಾಯೆಗಳನ್ನು ಕೊಡುವ ದ್ರವ್ಯಗಳು ಫ್ಲೇವನಾಯ್ಡ್ ಎಂಬ ದೊಡ್ಡ ಬಳಗಕ್ಕೆ ಸೇರಿದವು. ಒಂದೇ ಗಿಡ ತನ್ನ ಹಾಲಿನಲ್ಲಿ ಮನುಷ್ಯನನ್ನು ಕಟ್ಟಿಹಾಕಬಲ್ಲ ವಸ್ತುವನ್ನೂ, ತನ್ನ ಹೂವಿನಲ್ಲಿ ಬೇರೊಂದು ಬಗೆಯ ವಸ್ತುವನ್ನೂ ಸಿದ್ಧಪಡಿಸುತ್ತದೆ. ಮೊದಲನೆಯದರ ಕಟ್ಟನ್ನು ಬಿಡಿಸಿಕೊಳ್ಳುವಾಗ ಆಗುವ ಯಾತನೆಯನ್ನು ಎರಡನೆಯದರ ಬಂಧುಗಳು ಶಮನಗೊಳಿಸಬಲ್ಲವೇ ಎಂಬ ಪ್ರಶ್ನೆ ಕಳೆದ ಎರಡು ಮೂರು ದಶಕಗಳಿಂದ ಕೆಲವು ಪ್ರಯೋಗಶಾಲೆಗಳನ್ನು ಕಾಡುತ್ತಿದೆ. ಸಸ್ಯಜನ್ಯವಾದುದೆಲ್ಲ ನಿರಪಾಯವೆಂದು ನಂಬುವ ಮಾರುಕಟ್ಟೆಗೆ ಈ ಪ್ರಶ್ನೆ ಉತ್ತರಕ್ಕಿಂತ ಮುಂಚೆಯೇ ತಲಪಿಬಿಡುವ ಸಂಭವವಿರುವುದರಿಂದ, ಅದನ್ನು ಸಾವಧಾನವಾಗಿ ಪರಿಶೀಲಿಸುವುದು ಲೇಸು.

ಹಾಲಿನೊಳಗಿನ ಸತ್ತ್ವ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಡರ್‌ಬಾರ್ನ್ ಪಟ್ಟಣದ ಔಷಧದಂಗಡಿಯೊಂದರಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಕ್ ಸೆರ್ಟ್ಯುರ್ನರ್ ಎಂಬ ತರುಣನು ಅಫೀಮಿನಿಂದ ಅದರ ಸತ್ತ್ವವನ್ನು ಹರಳುರೂಪದಲ್ಲಿ ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರನ್ನು ಅದಕ್ಕಿಟ್ಟನು. 1817ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ, ತಾನೂ ಮೂವರು ಯುವಕರೂ ಆ ಹರಳನ್ನು ನುಂಗಿ ಅಪಾಯದ ಅಂಚಿಗೆ ಹೋಗಿಬಂದ ವೃತ್ತಾಂತವೂ ಉಂಟು. ಅಂದಿನ ವಿಜ್ಞಾನಕ್ಕೆ ಧೈರ್ಯ ಹೆಚ್ಚು, ವಿವೇಕ ಕೊಂಚ ಕಡಿಮೆ. ಮಾರ್ಫೀನ್ ಎಂಬ ಆ ಸತ್ತ್ವವನ್ನು ಲಂಡನ್ನಿನ ರಸಾಯನಜ್ಞರಾದ ಆಲ್ಡರ್ ರೈಟ್ 1874ರಲ್ಲಿ ಮಾರ್ಪಡಿಸಿದರು. ಅದೇ ಮಾರ್ಪಾಟನ್ನು ಜರ್ಮನಿಯ ಬೇಯರ್ ಕಂಪನಿ 1898ರಲ್ಲಿ ಕೆಮ್ಮಿನ ಮದ್ದೆಂದು ಮಾರಾಟಕ್ಕೆ ಬಿಟ್ಟಾಗ ಅದರ ಹೆಸರು ಹೆರಾಯಿನ್. ಇಂದು ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳೂ ಸೇರಿಕೊಂಡು ಬೆಳೆದಿರುವ ಈ ಇಡೀ ವರ್ಗಕ್ಕೆ ಓಪಿಯಾಯ್ಡ್ ಎಂದು ಹೆಸರು.

ಈ ವಸ್ತುಗಳು ನಮ್ಮ ಮೇಲೆ ಇಷ್ಟು ಪ್ರಭಾವ ಬೀರುವುದೇಕೆಂಬ ರಹಸ್ಯ ಬಯಲಾದದ್ದು 1973ರಲ್ಲಿ. ಮಿದುಳಿನ ನರಕೋಶಗಳ ಮೇಲೆ ಇವನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆಯೆಂದು ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ಬೇರೆ ಎರಡು ತಂಡಗಳೂ ಅದೇ ಕಾಲಕ್ಕೆ ಅದೇ ತೀರ್ಮಾನವನ್ನು ಮುಟ್ಟಿದ್ದವು. ಗಸಗಸೆಯ ಹಾಲಿಗಾಗಿ ದೇಹ ಗ್ರಾಹಕಗಳನ್ನು ನಿರ್ಮಿಸಿಕೊಂಡಿರಲಾರದಷ್ಟೆ. ದೇಹವೇ ತನಗಾಗಿ ತಯಾರಿಸಿಕೊಳ್ಳುವ ನೋವುನಿವಾರಕಗಳು ಇರಲೇಬೇಕೆಂದು ಹುಡುಕಿದ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಜ್, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 1975ರಲ್ಲಿ ಎನ್‌ಕೆಫಲಿನ್‌ಗಳನ್ನು ಪತ್ತೆಹಚ್ಚಿದರು. ಅಫೀಮು, ಹಾಗೆ ನೋಡಿದರೆ, ಮನೆಯವರಿಗೆಂದು ಮಾಡಿಸಿದ ಬೀಗವನ್ನು ತೆಗೆಯಬಲ್ಲ ಪರಕೀಯರ ಬೀಗದ ಕೈ.

ಬಿಟ್ಟಾಗ ಆಗುವುದೇನು?

ಹೆರಾಯಿನ್‌ಗೆ ಒಗ್ಗಿಹೋದ ಶರೀರಕ್ಕೆ ಅದು ದೊರೆಯದೆ ಎಂಟು ಹನ್ನೆರಡು ಗಂಟೆ ಕಳೆಯಿತೆಂದರೆ, ಮೊದಲು ಆಕಳಿಕೆಯ ಮೇಲೆ ಆಕಳಿಕೆ, ಕಣ್ಣುಮೂಗುಗಳಲ್ಲಿ ನೀರು; ತರುವಾಯ ಬೆವರು, ರೋಮಾಂಚ, ಹಿಗ್ಗಿದ ಕಣ್ಣಪಾಪೆ, ಮೂಳೆಮೂಳೆಗಳಲ್ಲಿ ನೋವು, ಕರುಳು ಹಿಂಡಿದಂತಾಗಿ ವಾಂತಿಭೇದಿ, ನಿಲ್ಲಿಸಲಾಗದೆ ಒದೆದಾಡುವ ಕಾಲುಗಳು, ಇವೆಲ್ಲಕ್ಕೂ ಮೇಲೆ ನಿದ್ರೆಯೇ ಇಲ್ಲದ ರಾತ್ರಿಗಳು. ಎರಡನೆಯ ಮೂರನೆಯ ದಿನಗಳಲ್ಲಿ ಪರಾಕಾಷ್ಠೆಗೇರುವ ಈ ಅವಸ್ಥೆ ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆಯಾದರೂ, ನಿದ್ರಾಭಂಗವೂ ಬೇಸರವೂ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯಬಹುದು. ವೈದ್ಯರು ವಿತ್‌ಡ್ರಾಯಲ್ ಎಂದು ಕರೆಯುವುದು ಇದನ್ನೇ. ಕನ್ನಡದ ಕೈಪಿಡಿಗಳಲ್ಲಿ ಹಿಂತೆಗೆತದ ಲಕ್ಷಣಗಳೆಂಬ ಮಾತಿದೆ.

ಇದರ ಒಂದು ಮುಖ್ಯ ಮೂಲ ಮಿದುಳಿನ ಕಾಂಡದಲ್ಲಿದೆ. ಲೋಕಸ್ ಸೆರೂಲಿಯಸ್ ಎಂಬ ಚಿಕ್ಕ ನರಗುಚ್ಛವೊಂದು ಅಲ್ಲಿ ಕುಳಿತು, ನಾರ್‌ಅಡ್ರಿನಲಿನ್ ಎಂಬ ರಸವನ್ನು ಇಡೀ ಮಿದುಳಿಗೆ ಹಂಚುತ್ತ, ನಮ್ಮನ್ನು ಎಚ್ಚರವಾಗಿಯೂ ಜಾಗರೂಕವಾಗಿಯೂ ಇರಿಸುತ್ತದೆ. ಓಪಿಯಾಯ್ಡ್ ಅದನ್ನು ಅದುಮುತ್ತದೆ. ದಿನದಿನವೂ ಅದುಮಿಸಿಕೊಂಡ ಕೋಶಗಳು ಸುಮ್ಮನಿರದೆ ತಮ್ಮ ಒಳಗಿನ ರಾಸಾಯನಿಕ ಯಂತ್ರವನ್ನು ಬಲಪಡಿಸಿಕೊಂಡು ಎದುರು ನಿಲ್ಲುತ್ತವೆ; ಅದಕ್ಕಾಗಿಯೇ ಹಳೆಯ ಪ್ರಮಾಣ ಸಾಲದೆ ವ್ಯಸನಿಗೆ ಹೆಚ್ಚುಹೆಚ್ಚು ಬೇಕಾಗುತ್ತದೆ. ಮಾದಕವನ್ನು ಥಟ್ಟನೆ ನಿಲ್ಲಿಸಿದಾಗ ಅದುಮುವ ಬಲ ಇಲ್ಲವಾಗಿ, ಎದುರುಬಲವೊಂದೇ ಕಟ್ಟಿಲ್ಲದೆ ಉಳಿದು ಕೋಶಗಳು ಉನ್ಮತ್ತವಾಗಿ ಮಿಡಿಯತೊಡಗುತ್ತವೆ. ಮಾದಕ ಕರುಳನ್ನು ಕಟ್ಟುತ್ತಿತ್ತು, ಈಗ ಭೇದಿ. ಮಾದಕ ಕಣ್ಣಪಾಪೆಯನ್ನು ಸೂಜಿಮೊನೆಯಷ್ಟು ಕಿರಿದಾಗಿಸುತ್ತಿತ್ತು, ಈಗ ಅದು ಅಗಲ. ಮಾದಕ ಮಂಪರು ತರುತ್ತಿತ್ತು, ಈಗ ನಿದ್ರೆಯಿಲ್ಲ.

ಮೂಗಿನ ಕಟ್ಟು ಬಿಡಿಸುವ ಮದ್ದೆಂದು ಹುಡುಕಹೊರಟು ರಕ್ತದೊತ್ತಡದ ಮದ್ದಾಗಿ ಪರಿಣಮಿಸಿದ ಕ್ಲೋನಿಡಿನ್, ಈ ಉನ್ಮತ್ತ ಕೋಶಗಳನ್ನು ಶಾಂತಗೊಳಿಸುತ್ತದೆಂಬುದು 1978ರಲ್ಲಿ ತಿಳಿದುಬಂತು. ಅಂದಿನಿಂದ ಹಿಂತೆಗೆತದ ಚಿಕಿತ್ಸೆಯಲ್ಲಿ ಅದಕ್ಕೊಂದು ಸ್ಥಾನವುಂಟು. ಆದರೆ ಅದು ರಕ್ತದೊತ್ತಡವನ್ನು ಇಳಿಸುತ್ತದೆ. ನಿದ್ರಾಭಂಗ, ಸ್ನಾಯುನೋವು, ಮನಸ್ಸಿನ ಕಳವಳಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಫ್ಲೇವನಾಯ್ಡ್‌ಗಳ ಕಡೆಗೆ ಕೆಲವರ ದೃಷ್ಟಿ ಹೊರಳಿದ್ದು ಈ ತೆರಪಿನಲ್ಲಿ.

ಬಣ್ಣಗಳ ಬಳಗ

ಆರಾರು ಇಂಗಾಲಗಳ ಎರಡು ಉಂಗುರಗಳು, ಅವನ್ನು ಬೆಸೆಯುವ ಮೂರು ಇಂಗಾಲಗಳ ಸೇತುವೆ: ಫ್ಲೇವನಾಯ್ಡ್‌ನ ಹಂದರ ಇಷ್ಟೆ. ಈ ಹಂದರದ ಮೇಲೆ ಎಲ್ಲೆಲ್ಲಿ ಏನೇನು ಕುಳಿತಿದೆ ಎಂಬುದನ್ನನುಸರಿಸಿ ಆರು ಸಾವಿರಕ್ಕೂ ಮಿಕ್ಕಿದ ರೂಪಗಳು ಈವರೆಗೆ ಗುರುತಿಸಲ್ಪಟ್ಟಿವೆ. ಈರುಳ್ಳಿಯಲ್ಲೂ ನುಗ್ಗೆಸೊಪ್ಪಿನಲ್ಲೂ ಇರುವ ಕ್ವೆರ್ಸೆಟಿನ್, ಕಿತ್ತಳೆಯ ಹೆಸ್ಪೆರಿಡಿನ್, ಚಕ್ಕೋತಕ್ಕೆ ಕಹಿಯನ್ನು ಕೊಡುವ ನರಿಂಜಿನ್, ಚಹಾದ ಕ್ಯಾಟೆಚಿನ್, ಕ್ಯಾಮೊಮೈಲ್ ಹೂವಿನ ಎಪಿಜೆನಿನ್, ಇವೆಲ್ಲ ಒಂದೇ ಕುಲದವು. ಬಿಸಿಲಿನ ತೀಕ್ಷ್ಣ ಕಿರಣಗಳಿಂದ ಎಲೆಯನ್ನು ಕಾಪಾಡುವುದಕ್ಕೂ, ದುಂಬಿಯನ್ನು ಕರೆಯುವುದಕ್ಕೂ, ಕೀಟವನ್ನು ದೂರವಿಡುವುದಕ್ಕೂ ಗಿಡ ಇವನ್ನು ಮಾಡಿಕೊಳ್ಳುತ್ತದೆ. ಮನುಷ್ಯನ ಉಪಕಾರಕ್ಕೆಂದು ಅಲ್ಲ.

ಮನುಷ್ಯನು ಮಾತ್ರ ಇವುಗಳಿಂದ ಹಿಂದಿನಿಂದಲೂ ಬಹಳವಾಗಿ ನಿರೀಕ್ಷಿಸಿದ್ದಾನೆ. ಸಿ ಜೀವಸತ್ತ್ವವನ್ನು ಬೇರ್ಪಡಿಸಿ ಖ್ಯಾತರಾದ, 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ, ಅದಕ್ಕೆ ಹಿಂದಿನ ವರ್ಷವೇ ನಿಂಬೆಯ ಜಾತಿಯ ಹಣ್ಣಿನ ಫ್ಲೇವನಾಯ್ಡ್‌ಗಳು ಸೂಕ್ಷ್ಮ ರಕ್ತನಾಳಗಳನ್ನು ಬಲಪಡಿಸುತ್ತವೆಂದು ಕಂಡು, ಅವನ್ನು ಪಿ ಜೀವಸತ್ತ್ವವೆಂದು ಸಾರಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಮಾತು ನಿಲ್ಲಲಿಲ್ಲ. ಆ ವಸ್ತುಗಳಿಲ್ಲದೆಯೂ ಪ್ರಾಣಿ ಬದುಕುತ್ತದೆಂದು ಗೊತ್ತಾಗಿ, 1950ರ ವೇಳೆಗೆ ಆ ಹೆಸರು ಕೈಬಿಟ್ಟುಹೋಯಿತು. ಅಷ್ಟು ದೊಡ್ಡ ವಿಜ್ಞಾನಿಯನ್ನೇ ಆಶೆಯ ದಾರಿಯಲ್ಲಿ ಒಂದಿಷ್ಟು ದೂರ ಕರೆದೊಯ್ದ ವಸ್ತುಗಳಿವು ಎಂಬುದನ್ನು ಮುಂದಿನ ಸಂಗತಿಗಳನ್ನು ಓದುವಾಗ ಮರೆಯಬಾರದು.

ಕರುಳ ತುಂಡಿನ ಸಾಕ್ಷ್ಯ

ಹಿಂತೆಗೆತವನ್ನು ಅಭ್ಯಸಿಸುವುದಕ್ಕೆ ಮನುಷ್ಯನೂ ಬೇಡ, ಮಿದುಳೂ ಬೇಡ ಎಂಬುದು ಕೇಳುವವರಿಗೆ ವಿಚಿತ್ರವೆನಿಸಬಹುದು. ಗಿನಿಪಿಗ್‌ನ ಸಣ್ಣಕರುಳಿನ ಒಂದು ತುಂಡನ್ನು ಬೆಚ್ಚನೆಯ ಲವಣದ್ರವದಲ್ಲಿ ತೂಗುಹಾಕಿ ಆಮ್ಲಜನಕ ಒದಗಿಸಿದರೆ ಅದು ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಅದಕ್ಕೆ ಕೆಲಕಾಲ ಮಾರ್ಫೀನ್ ಉಣಿಸಿ, ಆಮೇಲೆ ಗ್ರಾಹಕಗಳಿಂದ ಮಾರ್ಫೀನನ್ನು ತಳ್ಳಿಹಾಕುವ ನಾಲೊಕ್ಸೋನನ್ನು ಹನಿಸಿದರೆ, ತುಂಡು ಒಮ್ಮೆಲೆ ಮುದುಡಿ ಸೆಟೆದುಕೊಳ್ಳುತ್ತದೆ. ವ್ಯಸನಿಯ ಹೊಟ್ಟೆನುಲಿತವೇ ಗಾಜಿನ ಪಾತ್ರೆಯೊಳಗೆ ಮರುಕಳಿಸಿದಂತೆ. 1990ರ ದಶಕದ ಕೊನೆಯಲ್ಲಿ ಇಟಲಿಯ ಸಂಶೋಧಕರು ಕೆಲವು ಫ್ಲೇವನಾಯ್ಡ್‌ಗಳನ್ನು ಈ ತುಂಡಿನ ಮೇಲೆ ಪ್ರಯೋಗಿಸಿ, ಸೆಟೆತ ಕಡಿಮೆಯಾಗುವುದನ್ನು ವರದಿ ಮಾಡಿದರು. ಈ ವಿಷಯದ ಅನಂತರದ ಬರಹಗಳು ಹಿಂದಿರುಗಿ ನೋಡುವ ಪ್ರಯೋಗಗಳಲ್ಲಿ ಇದೊಂದು.

ಆದರೆ ಇಲ್ಲೊಂದು ಆಕ್ಷೇಪಣೆಯುಂಟು. ಭೇದಿಯಾದ ಮಗುವಿಗೆ ಸೀಬೆಯ ಚಿಗುರನ್ನು ಅಗಿಯಲು ಕೊಡುವ ನಮ್ಮ ಹಳ್ಳಿಯ ಪದ್ಧತಿಯಂತಹುದೇ ಮೆಕ್ಸಿಕೋ ದೇಶದಲ್ಲಿಯೂ ಇದ್ದು, ಅಲ್ಲಿಯ ಸಂಶೋಧಕರು ಆ ಎಲೆಯ ಗುಣವನ್ನು ಶೋಧಿಸಿ, ಕರುಳಿನ ಸೆಳೆತವನ್ನು ಸಡಿಲಿಸುವುದು ಅದರೊಳಗಿನ ಕ್ವೆರ್ಸೆಟಿನ್ ವರ್ಗದ ವಸ್ತುಗಳೆಂದು 1994ರಲ್ಲಿ ತೋರಿಸಿಕೊಟ್ಟರು. ಆ ಕರುಳು ಮಾರ್ಫೀನನ್ನು ಕಂಡದ್ದಲ್ಲ. ಯಾವ ಕಾರಣದಿಂದ ಬಿಗಿದ ಕರುಳನ್ನಾದರೂ ಸಡಿಲಿಸುವ ವಸ್ತು, ಹಿಂತೆಗೆತದಿಂದ ಬಿಗಿದ ಕರುಳನ್ನೂ ಸಡಿಲಿಸಿತೆಂದರೆ, ಅದು ವ್ಯಸನದ ಬುಡಕ್ಕೆ ಕೈಹಾಕಿತೆಂದು ಹೇಳುವಂತಿಲ್ಲ. ಭೇದಿಯ ಮಟ್ಟಿಗೆ ಉಪಕಾರಿ, ಅಷ್ಟೆ.

ಚಂಡೀಗಢದ ಇಲಿಗಳು

ಆದಕಾರಣ ಪ್ರಶ್ನೆ ಜೀವಂತ ಪ್ರಾಣಿಗಳತ್ತ ಸಾಗಿತು. ಈ ಘಟ್ಟದಲ್ಲಿ ನಮ್ಮ ದೇಶದ ಪಾತ್ರ ಗಣನೀಯವಾದುದು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ಔಷಧವಿಜ್ಞಾನಿ ಎಸ್. ಕೆ. ಕುಲಕರ್ಣಿ ಮತ್ತು ಸಂಗಡಿಗರು, ಮಾರ್ಫೀನ್‌ಗೆ ಒಗ್ಗಿಸಿದ ಇಲಿಗಳಿಗೆ ಕ್ವೆರ್ಸೆಟಿನ್ ಕೊಟ್ಟು ನೋಡಿದ ಫಲಿತಾಂಶಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಪ್ರಕಟಿಸಿದರು. ಒಗ್ಗಿದ ಇಲಿಗೆ ನಾಲೊಕ್ಸೋನ್ ಚುಚ್ಚಿದರೆ ಅದು ಕುಳಿತಲ್ಲಿ ಕೂರಲಾರದೆ ಮೇಲಕ್ಕೆ ನೆಗೆನೆಗೆದು ಬೀಳುತ್ತದೆ. ಎಷ್ಟು ಸಲ ನೆಗೆಯಿತೆಂಬ ಎಣಿಕೆಯೇ ಅದರ ಯಾತನೆಯ ಅಳತೆ. ಕ್ವೆರ್ಸೆಟಿನ್ ಪಡೆದ ಇಲಿಗಳ ನೆಗೆತ ಕಡಿಮೆಯಾಯಿತು. ಮಾರ್ಫೀನಿನ ನೋವುನಿವಾರಕ ಶಕ್ತಿ ದಿನೇದಿನೇ ಕುಗ್ಗುವುದೂ ತಗ್ಗಿತು.

ಕಾರಣವೇನೆಂಬಲ್ಲಿ ಅವರ ಊಹೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಕಡೆಗೆ ಬೆರಳುಮಾಡುತ್ತದೆ. ಮಾರ್ಫೀನ್ ಬಹುಕಾಲ ನೆಲೆಸಿದ ಮಿದುಳಿನಲ್ಲಿ ಈ ಅನಿಲದ ಉತ್ಪಾದನೆಗೂ ಒಗ್ಗುವಿಕೆಗೂ ನಂಟಿದೆಯೆಂದು ಮುಂಚೆಯೇ ಕಂಡಿದ್ದು, ಕ್ವೆರ್ಸೆಟಿನ್ ಆ ಉತ್ಪಾದನೆಯನ್ನು ಹತ್ತಿಕ್ಕುವಂತೆ ತೋರುತ್ತದೆ. ಇದಲ್ಲದೆ ಇನ್ನೂ ಎರಡು ದಾರಿಗಳು ಚರ್ಚೆಯಲ್ಲಿವೆ. ಮಾರ್ಫೀನ್ ನರಕೋಶಗಳ ಪೋಷಕ ಕೋಶಗಳನ್ನು ಕೆರಳಿಸಿ ನರಮಂಡಲದಲ್ಲಿ ಒಂದು ಬಗೆಯ ಉರಿಯೂತವನ್ನು ಹುಟ್ಟಿಸುವುದರಿಂದ, ಉರಿಯೂತವನ್ನು ತಗ್ಗಿಸುವ ಫ್ಲೇವನಾಯ್ಡ್‌ಗಳು ಅಲ್ಲಿ ನೆರವಾಗಬಹುದೆಂಬುದು ಒಂದು. ಎರಡನೆಯದು, ಮಿದುಳಿನ ಮುಖ್ಯ ಶಾಮಕವ್ಯವಸ್ಥೆಯಾದ ಗಾಬಾದ ದಾರಿ: ಕೃಷ್ಣಕಮಲದ ಜಾತಿಯ ಬಳ್ಳಿಯೊಂದರಿಂದ ದೊರೆತ ಕ್ರೈಸಿನ್, ನಿದ್ರೆಮಾತ್ರೆಗಳು ಹೋಗಿ ಕೂರುವ ಸ್ಥಾನದಲ್ಲಿಯೇ ಕೂರುತ್ತದೆಂದು ಅರ್ಜೆಂಟೀನಾದ ವಿಜ್ಞಾನಿಗಳು 1990ರಲ್ಲಿ ಕಂಡರು, ಕೆಲವು ವರ್ಷಗಳ ತರುವಾಯ ಎಪಿಜೆನಿನ್‌ನ ವಿಚಾರದಲ್ಲಿಯೂ ಹಾಗೆಯೇ. ಇಷ್ಟೊಂದು ಬಾಗಿಲುಗಳನ್ನು ಒಟ್ಟಿಗೆ ತಟ್ಟುವ ವಸ್ತುವನ್ನು ಔಷಧಶಾಸ್ತ್ರಜ್ಞರು ಸಂತೋಷಕ್ಕಿಂತ ಸಂಶಯದಿಂದಲೇ ನೋಡುತ್ತಾರೆ. ಕ್ವೆರ್ಸೆಟಿನ್ ಪ್ರಯೋಗನಾಳಿಕೆಯಲ್ಲಿ ಹತ್ತಾರು ಕಿಣ್ವಗಳಿಗೆ ಅಡ್ಡಬರುವ ವಸ್ತುವೆಂಬ ಕೀರ್ತಿಯನ್ನೂ ಅಪಕೀರ್ತಿಯನ್ನೂ ಒಟ್ಟಿಗೆ ಹೊತ್ತಿದೆ.

ತೆಹರಾನಿನ ಅರವತ್ತೈದು ಮಂದಿ

ಇನ್ನು ಮನುಷ್ಯರ ಮಾತು. ಇಲ್ಲಿಗೆ ಬಂದಾಗ ಗ್ರಂಥಭಂಡಾರ ಹಠಾತ್ತನೆ ಬರಿದಾಗುತ್ತದೆ. ಎಲ್ಲರೂ ಉದಾಹರಿಸುವ ಪರೀಕ್ಷೆ 2001ರಲ್ಲಿ ಪ್ರಕಟವಾದ ಇರಾನಿನದು. ತೆಹರಾನಿನಲ್ಲಿ 65 ಮಂದಿ ಓಪಿಯಾಯ್ಡ್ ವ್ಯಸನಿಗಳನ್ನು ಅದೃಷ್ಟದ ಚೀಟಿಯೆತ್ತಿದಂತೆ ಎರಡು ಗುಂಪಾಗಿಸಿ, ಒಂದಕ್ಕೆ ಕ್ಲೋನಿಡಿನ್‌ನೊಡನೆ ಕೃಷ್ಣಕಮಲದ ಬಂಧುವಾದ ಪ್ಯಾಸಿಫ್ಲೋರಾ ಸಾರದ ಅರವತ್ತು ಹನಿಗಳನ್ನೂ, ಇನ್ನೊಂದಕ್ಕೆ ಕ್ಲೋನಿಡಿನ್‌ನೊಡನೆ ಹುಸಿಮದ್ದನ್ನೂ ಹದಿನಾಲ್ಕು ದಿನ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಶರೀರದ ಲಕ್ಷಣಗಳಲ್ಲಿ ಎರಡು ಗುಂಪುಗಳೂ ಸಮಾನವಾಗಿ ಸುಧಾರಿಸಿದವು. ಮನಸ್ಸಿನ ಲಕ್ಷಣಗಳಲ್ಲಿ ಸಾರ ಪಡೆದವರ ಸ್ಥಿತಿ ಹೆಚ್ಚು ಉತ್ತಮವಾಯಿತು.

ಕ್ಲೋನಿಡಿನ್ ಮುಟ್ಟದೆ ಬಿಟ್ಟ ಕಳವಳವನ್ನೇ ಸಾರ ಮುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ಆದರೆ ಅರವತ್ತೈದು ಎಂಬುದು ಚಿಕ್ಕ ಸಂಖ್ಯೆ. ಎರಡು ವಾರ ಎಂಬುದು ಚಿಕ್ಕ ಅವಧಿ. ಮೇಲಾಗಿ ಕೊಟ್ಟದ್ದು ಇಡೀ ಗಿಡದ ಸಾರ, ಒಂದು ಫ್ಲೇವನಾಯ್ಡ್ ಅಲ್ಲ. ಆ ಸಾರದೊಳಗೆ ಕೆಲಸಮಾಡುವುದು ಯಾವುದೆಂಬ ಬಗ್ಗೆಯೂ ಜಗಳವಿದೆ. ಚಂಡೀಗಢದ ಇನ್ನೊಂದು ತಂಡ ಅದರಲ್ಲಿ ಬೆಂಜೋಫ್ಲೇವೋನ್ ಎಂಬ ವಿಶಿಷ್ಟ ವಸ್ತುವನ್ನು ಕಂಡೆವೆಂದೂ, ಅದು ಇಲಿಗಳಲ್ಲಿ ಮಾರ್ಫೀನಿನ ಅವಲಂಬನೆಯನ್ನು ತಗ್ಗಿಸಿತೆಂದೂ ಬರೆದಿತ್ತು. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಅದೇ ಮೂಲಿಕೆಯನ್ನು ಕೂಲಂಕಷವಾಗಿ ಶೋಧಿಸಿ, ಅಂಥ ವಸ್ತು ತಮಗೆ ಸಿಗಲಿಲ್ಲವೆಂದರು. ಕೊಡಗಿನ ತೋಟಗಳಲ್ಲಿ ಹಣ್ಣಿಗಾಗಿ ಬೆಳೆಯುವ ಪ್ಯಾಷನ್ ಫ್ರೂಟ್ ಬಳ್ಳಿ ಈ ಕುಲದ್ದೇ ಆದರೂ ಬೇರೆ ಜಾತಿಯದು. ಅದರ ಷರಬತ್ತಿಗೆ ಈ ಪರೀಕ್ಷೆಯ ಫಲವನ್ನು ಆರೋಪಿಸುವುದು ಸಲ್ಲದು.

ಈರುಳ್ಳಿಯ ಲೆಕ್ಕ

ಹಾಗಾದರೆ ಕ್ವೆರ್ಸೆಟಿನ್‌ಗಾಗಿ ಈರುಳ್ಳಿ ತಿಂದರಾಯಿತಲ್ಲ ಎಂಬ ಸರಳ ಯೋಚನೆ ಬರುವುದು ಸಹಜ. ಇಂಥ ಪ್ರಯೋಗಗಳಲ್ಲಿ ಇಲಿಯ ದೇಹತೂಕದ ಕಿಲೋಗ್ರಾಮೊಂದಕ್ಕೆ ಹತ್ತಾರು ಮಿಲಿಗ್ರಾಂ ಪ್ರಮಾಣ ಸಾಮಾನ್ಯ. ಐವತ್ತು ಎಂದಿಟ್ಟುಕೊಂಡು, ಇಲಿಯಿಂದ ಮನುಷ್ಯನಿಗೆ ಪ್ರಮಾಣವನ್ನು ಇಳಿಸುವ ರೂಢಿಯ ಸೂತ್ರದಂತೆ ಹನ್ನೆರಡರಿಂದ ಭಾಗಿಸಿದರೆ, ಅರವತ್ತು ಕಿಲೋ ತೂಗುವ ವ್ಯಕ್ತಿಗೆ ದಿನಕ್ಕೆ ಸುಮಾರು 250 ಮಿಲಿಗ್ರಾಂ ಬೇಕು. ನೂರು ಗ್ರಾಂ ಈರುಳ್ಳಿಯಲ್ಲಿ ಮೂವತ್ತು ಮಿಲಿಗ್ರಾಂ ಇದೆಯೆಂದರೂ ಅದು ದಿನವೂ ಮುಕ್ಕಾಲು ಕಿಲೋ ಮೀರಿದ ಈರುಳ್ಳಿ. ಚಳ್ಳಕೆರೆಯ ಬೆಳೆಗಾರನಿಗೆ ಸಂತೋಷ. ವಾಂತಿಯಿಂದ ಬಳಲುವ ರೋಗಿಗೆ ಅಸಾಧ್ಯ.

ತಿಂದದ್ದೆಲ್ಲ ಮಿದುಳಿಗೆ ಹೋಗುವುದೂ ಇಲ್ಲ. ಕರುಳಿನ ಭಿತ್ತಿಯೂ ಯಕೃತ್ತೂ ಕ್ವೆರ್ಸೆಟಿನ್ ಕಂಡೊಡನೆ ಅದಕ್ಕೆ ಬೇರೆ ಬೇರೆ ಅಣುಗಳನ್ನು ಅಂಟಿಸಿ ಹೊರಹಾಕುವ ಸಿದ್ಧತೆ ನಡೆಸುತ್ತವೆ. ರಕ್ತದಲ್ಲಿ ಸಂಚರಿಸುವುದು ಬಹುಮಟ್ಟಿಗೆ ಈ ಮಾರ್ಪಟ್ಟ ರೂಪವೇ. ಪ್ರಾಣಿಪ್ರಯೋಗಗಳಲ್ಲಿ ಅನೇಕ ವೇಳೆ ವಸ್ತುವನ್ನು ನೇರವಾಗಿ ಹೊಟ್ಟೆಯೊಳಕ್ಕೆ ಚುಚ್ಚುವುದರಿಂದ ಈ ಮೊದಲ ಕಾವಲನ್ನು ಕೊಂಚ ಮಟ್ಟಿಗೆ ದಾಟಿದಂತಾಗುತ್ತದೆ. ಬಾಯಿಂದ ನುಂಗುವ ಮಾತ್ರೆಗೆ ಆ ಅನುಕೂಲವಿಲ್ಲ.

ಸಸ್ಯದ ವಸ್ತು ಕೆಲಸಮಾಡದಿದ್ದರೂ ಕೆಡುಕಂತೂ ಮಾಡದು ಎಂಬ ಸಮಾಧಾನಕ್ಕೂ ಇಲ್ಲಿ ಆಸ್ಪದ ಕಡಿಮೆ. 1989ರಲ್ಲಿ ಕೆನಡಾದ ವೈದ್ಯರು ಮದ್ಯದ ರುಚಿ ತಿಳಿಯದಂತೆ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿ ಕೊಟ್ಟು ಪರೀಕ್ಷೆ ನಡೆಸುತ್ತಿದ್ದಾಗ, ರಕ್ತದೊತ್ತಡದ ಔಷಧಿಯೊಂದರ ಮಟ್ಟ ರಕ್ತದಲ್ಲಿ ಅನಿರೀಕ್ಷಿತವಾಗಿ ಏರಿದುದನ್ನು ಕಂಡು ಬೆರಗಾದರು. ಮೊದಲು ಸಂಶಯಕ್ಕೀಡಾದದ್ದು ನರಿಂಜಿನ್ ಎಂಬ ಫ್ಲೇವನಾಯ್ಡ್. ಮುಖ್ಯ ಅಪರಾಧಿಗಳು ಅದೇ ಹಣ್ಣಿನ ಬೇರೊಂದು ವರ್ಗದ ವಸ್ತುಗಳೆಂದು ಆಮೇಲೆ ತಿಳಿಯಿತು. ಔಷಧಿಗಳನ್ನು ಒಡೆಯುವ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ. ವ್ಯಸನದ ಚಿಕಿತ್ಸೆಗೆ ಕೊಡುವ ಬ್ಯುಪ್ರಿನಾರ್ಫಿನ್, ಭಾಗಶಃ ಮೆಥಡೋನ್ ಸಹ, ಅದೇ ಕಿಣ್ವದ ಕೈಯಲ್ಲಿ ಕರಗುವಂಥವು. ಗ್ರೇಪ್‌ಫ್ರೂಟ್‌ನ ಜನಕವೇ ಆದ ಚಕ್ಕೋತ ದೇವನಹಳ್ಳಿಯ ಹೆಮ್ಮೆ. ಅಪರೂಪಕ್ಕೆ ನಾಲ್ಕು ತೊಳೆ ತಿಂದವರು ಗಾಬರಿಪಡಬೇಕಿಲ್ಲವಾದರೂ, ಸಸ್ಯಸಾರದ ಗುಳಿಗೆಗಳನ್ನು ದಿನವೂ ನುಂಗುವವರು ಆ ಸಂಗತಿಯನ್ನು ವೈದ್ಯರಿಂದ ಮರೆಮಾಚಬಾರದು. ನಿದ್ರೆಮಾತ್ರೆಯ ಸ್ಥಾನದಲ್ಲಿ ಕೂರುವ ಸಾರವನ್ನು ಓಪಿಯಾಯ್ಡ್‌ನೊಡನೆ ಬೆರೆಸುವುದರಲ್ಲಿ ಉಸಿರಾಟ ಕುಂದುವ ಭಯವೂ ಇದೆ.

ಕೈಯಲ್ಲಿರುವ ಚಿಕಿತ್ಸೆ

ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಓಪಿಯಾಯ್ಡ್ ಬಳಸುವವರು 2.26 ಕೋಟಿ, ಅವರಲ್ಲಿ ನೆರವಿನ ಅಗತ್ಯವುಳ್ಳವರು ಸುಮಾರು 77 ಲಕ್ಷ. ಇವರಿಗೆ ಪ್ರಮಾಣಸಿದ್ಧವಾದ ಚಿಕಿತ್ಸೆ ಇಲ್ಲವೆಂದಲ್ಲ. ಗ್ರಾಹಕವನ್ನು ತಣಿಸಿ ಹಂಬಲವನ್ನೂ ಹಿಂತೆಗೆತವನ್ನೂ ಒಟ್ಟಿಗೆ ತಡೆಯುವ ಬ್ಯುಪ್ರಿನಾರ್ಫಿನ್ ಮತ್ತು ಮೆಥಡೋನ್, ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯನ್ನು 2005ರಲ್ಲಿಯೇ ಸೇರಿದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಒಂದು ಮಾದಕಕ್ಕೆ ಬದಲು ಇನ್ನೊಂದೇ ಎಂದು ಮೂಗು ಮುರಿದು, ಬೇರಿನ ಕಷಾಯವೋ ಎಲೆಯ ಪುಡಿಯೋ ಸಿಕ್ಕರೆ ಸಾಕೆಂದು ಹೊರಡುವ ಬಂಧುಗಳ ಮನಸ್ಸು ಅರ್ಥವಾಗದ್ದಲ್ಲ. ಆದರೆ ಹಿಂತೆಗೆತದ ವಾರವನ್ನು ಹೇಗೋ ದಾಟಿಸುವುದೇ ಗುರಿಯೆಂದು ತಿಳಿದರೆ ಒಂದು ಗಂಡಾಂತರವನ್ನು ಕಾಣದೆ ಹೋಗುತ್ತೇವೆ: ವಾರ ಕಳೆದ ಮೇಲೆ ಶರೀರದ ಒಗ್ಗುವಿಕೆ ಕುಗ್ಗಿರುತ್ತದೆ, ಹಂಬಲ ಕುಗ್ಗಿರುವುದಿಲ್ಲ, ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡವನ ಉಸಿರು ನಿಲ್ಲಬಹುದು. ಯಾತನೆಯನ್ನು ಮಾತ್ರ ತಗ್ಗಿಸಿ ಹಂಬಲವನ್ನು ಬಿಟ್ಟುಬಿಡುವ ಯಾವ ವಸ್ತುವನ್ನಾದರೂ, ಅದು ಹೂವಿನಿಂದ ಬಂದಿರಲಿ ಕಾರ್ಖಾನೆಯಿಂದ ಬಂದಿರಲಿ, ಈ ಅಳತೆಗೋಲಿನಿಂದ ಅಳೆಯಬೇಕು.

ಫ್ಲೇವನಾಯ್ಡ್‌ಗಳಿಗೆ ನಿಜವಾಗಿ ಸಲ್ಲಬಹುದಾದ ಸ್ಥಳ, ನನ್ನ ಮಟ್ಟಿಗೆ, ಈ ಮುಖ್ಯ ಔಷಧಿಗಳ ಪಕ್ಕದಲ್ಲಿ. ತಿಂಗಳುಗಟ್ಟಲೆ ಉಳಿಯುವ ನಿದ್ರಾಭಂಗಕ್ಕೂ ಕಳವಳಕ್ಕೂ ನಿದ್ರೆಮಾತ್ರೆ ಕೊಡಲು ವೈದ್ಯರು ಅಂಜುತ್ತಾರೆ, ಅದೂ ಚಟವಾದೀತೆಂದು. ಅಲ್ಲಿ ಸೌಮ್ಯವಾದ ಶಾಮಕವೊಂದು ನಿಜಕ್ಕೂ ಬೇಕಾಗಿದೆ. ಅದಕ್ಕಾಗಿ ಶುದ್ಧೀಕರಿಸಿದ ಒಂದೇ ವಸ್ತು, ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುವ ವ್ಯವಸ್ಥೆ, ಬ್ಯುಪ್ರಿನಾರ್ಫಿನ್ ಪಡೆಯುತ್ತಿರುವ ಕೆಲವು ನೂರು ಮಂದಿ, ಹುಸಿಮದ್ದಿನ ಗುಂಪು ಮತ್ತು ಕನಿಷ್ಠ ಆರು ತಿಂಗಳ ಅವಧಿ, ಇವಿಷ್ಟಿರುವ ಪರೀಕ್ಷೆಯೊಂದು ನಡೆಯಬೇಕು. ಲೆಕ್ಕ ಹಿಡಿಯಬೇಕಾದುದು ಆಕಳಿಕೆಗಳನ್ನಲ್ಲ, ಆರು ತಿಂಗಳ ಕೊನೆಯಲ್ಲಿ ಎಷ್ಟು ಮಂದಿ ಇನ್ನೂ ಚಿಕಿತ್ಸೆಯಲ್ಲಿದ್ದಾರೆ ಎಂಬುದನ್ನು.